ಫಲಾಹ್ ಮತ್ತು ಅಂದಲುಸಿನ ಹಿತ್ತಲು

ಬಾಂಗಿನಲ್ಲಿ ದಿನಕ್ಕೆ ಐದು ಹೊತ್ತು ನಮ್ಮ ಕಿವಿಗೆ ಬೀಳುವ ‘ಫಲಾಹ್’ ಎಂಬ ಪದಕ್ಕೆ ಉರ್ದು ಶಾಲೆಯಲ್ಲಿ ನಮಗೆ ಹೇಳಿಕೊಟ್ಟ ಅರ್ಥ ಯಶಸ್ಸು, ಶ್ರೇಯಸ್ಸು ಎಂದು. ಅದೇ ಮೂರು ಅಕ್ಷರಗಳ ಮೂಲದಿಂದ ಒಕ್ಕಲಿಗ ಎಂಬ ಅರ್ಥದ ‘ಫಲ್ಲಾಹ್’, ಬೇಸಾಯ ಎಂಬ ಅರ್ಥದ ‘ಫಿಲಾಹ’ ಕೂಡ ಹುಟ್ಟಿವೆ ಎಂದು ನಮಗೆ ಗೊತ್ತಾದದ್ದು ಬಹಳ ತಡವಾಗಿ, ಬೇರೆ ಯಾವುದೋ ಪದಕ್ಕಾಗಿ ನಿಘಂಟನ್ನು ತಿರುವಿಹಾಕುವಾಗ. ಮೂಲದಲ್ಲಿ ಅದಕ್ಕೆ ಸೀಳುವುದು, ನೆಲವನ್ನು ಉಳುವುದು ಎಂಬ ಅರ್ಥವಿದೆ. ಮಣ್ಣನ್ನು ಬಗೆದವನಿಗೇ ಶ್ರೇಯಸ್ಸು ಎಂದು ಅರಬಿ ಭಾಷೆ ತನ್ನೊಳಗೇ ಬರೆದಿಟ್ಟುಕೊಂಡಿದ್ದನ್ನು ನಮ್ಮ ಉಸ್ತಾದರು ಯಾಕೆ ಹೇಳಲಿಲ್ಲವೋ. ಬಹುಶಃ ಅವರಿಗೂ ಯಾರೂ ಹೇಳಿರಲಿಕ್ಕಿಲ್ಲ.

ಅಂದಲುಸ್ ಅಂದರೆ ಮುಸ್ಲಿಮ್ ಸ್ಪೇನಿನ ಬಗ್ಗೆಯೂ ನಮ್ಮ ತಿಳಿವಳಿಕೆ ಹೀಗೇ ಅರ್ಧಂಬರ್ಧ. ಉರ್ದು ಓದಿದವರಿಗೆ ಅದು ಕುರ್ತುಬದ ಮಸೀದಿ, ಇಕ್ಬಾಲರ ಕವಿತೆ, ನಸೀಮ್ ಹಿಜಾಜಿಯ ಕಾದಂಬರಿಗಳ ಕುದುರೆ ಸವಾರರು. ಕಳೆದುಹೋದ ವೈಭವಕ್ಕೆ ನಿಟ್ಟುಸಿರು ಬಿಡುವುದರಲ್ಲಿ ನಾವು ನಿಸ್ಸೀಮರು. ಆದರೆ ಆ ನಾಡಿನ ಅತ್ಯುತ್ತಮ ಬುದ್ಧಿಗಳು ಇನ್ನೂರು ವರ್ಷ ಕಾಲ ಕೂತು ಗೊಬ್ಬರದ ಬಗ್ಗೆ ಬರೆದವು ಎಂದರೆ ನಮ್ಮಲ್ಲಿ ಎಷ್ಟು ಮಂದಿ ನಂಬುತ್ತಾರೆ?

ನಮಗೆ ಈ ವಿಷಯದ ಬೆನ್ನುಹತ್ತುವಂತೆ ಮಾಡಿದ್ದು ಒಂದು ಬಸಳೆ ಚಪ್ಪರ. ಕೆಲವು ವರ್ಷಗಳ ಹಿಂದೆ ನಮಗೂ ಸಾವಯವ ಕೈತೋಟದ ಹುಚ್ಚು ಹಿಡಿದು, ಪರಿಚಯದವರ ಕೋಳಿಗೂಡಿನಿಂದ ಎರಡು ಚೀಲ ಹಿಕ್ಕೆ ತಂದು ಬಸಳೆಯ ಬುಡಕ್ಕೆ ಸುರಿದೆವು. ಬೇಸಿಗೆಯ ದಿನ. ವಾರದೊಳಗೆ ಬಳ್ಳಿ ಸುಟ್ಟ ಹಾಗೆ ಕರಟಿಹೋಯಿತು. ಅಮ್ಮಿ ನೋಡಿ, ‘ಹಸಿ ಗೊಬ್ಬರ, ಅದೂ ಕೋಳಿಯದು, ಉಷ್ಣ ಅಲ್ಲವೇನೋ? ಒಂದು ಮಳೆಗಾಲ ಕೊಳೆಯಲಿಕ್ಕೆ ಬಿಡಬೇಕಿತ್ತು’ ಎಂದರು. ಅವರು ಶಾಲೆಗೆ ಹೋದವರಲ್ಲ. ಅದೇ ಮಾತನ್ನು ಹೆಚ್ಚುಕಡಿಮೆ ಅದೇ ಕಾರಣ ಕೊಟ್ಟು ಒಂಬೈನೂರು ವರ್ಷಗಳ ಹಿಂದೆ ಟೊಲೆಡೊದ ಇಬ್ನ್ ಬಸ್ಸಾಲ್ ಬರೆದಿದ್ದಾನೆಂದು ನಾವು ಓದಿದ್ದು ಆಮೇಲೆ. ಅವನು ಹೇಳಿದ್ದು ಪಾರಿವಾಳದ ಹಿಕ್ಕೆಯ ಬಗ್ಗೆ ಅಷ್ಟೆ.

ಇಬ್ನ್ ಬಸ್ಸಾಲ್ ಹನ್ನೊಂದನೆಯ ಶತಮಾನದವನು. ಟೊಲೆಡೊವನ್ನು 1043ರಿಂದ 1075ರವರೆಗೆ ಆಳಿದ ಅಲ್ ಮಾಮೂನನ ಆಸ್ಥಾನದ ತೋಟಗಾರ. ತಾಖೊ ನದಿಯ ದಡದಲ್ಲಿ ಆ ಅರಸನಿಗೆ ದೊಡ್ಡದೊಂದು ತೋಟವಿತ್ತು. ವೈದ್ಯನಾಗಿದ್ದ ಇಬ್ನ್ ವಾಫಿದನೂ ಅಲ್ಲೇ ಇದ್ದ. ಔಷಧಿ ಬಲ್ಲವನು ಗಿಡವನ್ನೂ ಬಲ್ಲವನಾಗಿರಲೇಬೇಕಾದ ಕಾಲ ಅದು. ಇಬ್ನ್ ಬಸ್ಸಾಲ್ ಹಜ್ಜಿಗೆ ಹೋದವನು, ದಾರಿಯುದ್ದಕ್ಕೂ ಈಜಿಪ್ಟ್, ಸಿಸಿಲಿಗಳ ಬೇಸಾಯವನ್ನು ಕಣ್ಣಿಟ್ಟು ನೋಡಿದವನು. ಜನ ಜಮ್‌ಜಮ್ ನೀರು, ಖರ್ಜೂರ ತರುವ ಯಾತ್ರೆಯಿಂದ ಈತ ಹತ್ತಿಯನ್ನು ಯಾವ ಊರಿನಲ್ಲಿ ಹೇಗೆ ಬಿತ್ತುತ್ತಾರೆಂಬ ಟಿಪ್ಪಣಿ ತಂದ. 1085ರಲ್ಲಿ ಟೊಲೆಡೊ ಆರನೆಯ ಅಲ್ಫೋನ್ಸೊನ ಕೈಗೆ ಹೋದಾಗ ದಕ್ಷಿಣದ ಸೆವಿಲ್ ಅಂದರೆ ಇಶ್ಬೀಲಿಯಕ್ಕೆ ಬಂದು, ಕವಿಯೂ ಆಗಿದ್ದ ಅರಸ ಅಲ್ ಮುಅತಮಿದನಿಗೆ ತೋಟ ಮಾಡಿಕೊಟ್ಟ. ಆರು ವರ್ಷಗಳಲ್ಲಿ, 1091ರಲ್ಲಿ, ಆ ಅರಸನೂ ಸಿಂಹಾಸನ ಕಳೆದುಕೊಂಡು ಮೊರಾಕ್ಕೊದಲ್ಲಿ ಸೆರೆಯಾದ. ಅರಸರು ಹೀಗೆ ಬರುತ್ತಾ ಹೋಗುತ್ತಾ ಇದ್ದಾಗ ತೋಟಗಾರನ ಪುಸ್ತಕ ಮಾತ್ರ ಉಳಿಯಿತು.

ಹದಿನಾರು ಅಧ್ಯಾಯಗಳ ಆ ಪುಸ್ತಕದಲ್ಲಿ ನಮಗೆ ಇಷ್ಟವಾಗುವ ಗುಣವೆಂದರೆ ಅವನು ಯಾರ ಹೆಸರನ್ನೂ ಮುಂದೆ ಮಾಡುವುದಿಲ್ಲ. ಇರಾಕಿನ ಇಬ್ನ್ ವಹ್ಶಿಯ್ಯ ಹತ್ತನೆಯ ಶತಮಾನದಲ್ಲಿ ಅರಬಿಗೆ ತಂದ ‘ನಬಾತಿ ಬೇಸಾಯ’ ಎಂಬ ಹೆಬ್ಬೊತ್ತಗೆಯಲ್ಲಿ ಬೇಸಾಯದ ಜೊತೆ ಮಾಟ ಮಂತ್ರಗಳೂ ಸಾಕಷ್ಟಿವೆ. ಇಬ್ನ್ ಬಸ್ಸಾಲ್ ಮಾಡಿ ನೋಡಿದ್ದನ್ನಷ್ಟೇ ಹೇಳುವ ಸ್ವಭಾವದವನು. ನೀರಿನಿಂದ ಶುರುಮಾಡುತ್ತಾನೆ: ಮಳೆ ನೀರು, ಹೊಳೆ ನೀರು, ಒರತೆ ನೀರು, ಬಾವಿ ನೀರು, ಯಾವುದು ಯಾವ ಗಿಡಕ್ಕೆ ಒಗ್ಗುತ್ತದೆ. ಆಮೇಲೆ ಮಣ್ಣು, ಹತ್ತು ಬಗೆ. ಯುನಾನಿ ಹಕೀಮರು ಮನುಷ್ಯನ ‘ಮಿಜಾಜ್’ ನೋಡುವಂತೆ ಇವನು ಮಣ್ಣಿನ ಮಿಜಾಜ್ ನೋಡುತ್ತಾನೆ, ಉಷ್ಣವೋ ಶೀತವೋ, ಒಣವೋ ತೇವವೋ. ಕಪ್ಪು ಮಣ್ಣಿಗೆ ಹಾಕಿದ್ದನ್ನೇ ಬಿಳಿ ಮಣ್ಣಿಗೆ ಹಾಕಬಾರದು.

ಮೂರನೆಯದು ಗೊಬ್ಬರ. ಅವನು ಏಳು ಬಗೆ ಎಣಿಸುತ್ತಾನೆ. ಕುದುರೆ, ಕತ್ತೆ, ಹೇಸರಗತ್ತೆಗಳ ಲದ್ದಿ ಒಂದು, ಕುರಿಯ ಹಿಕ್ಕೆ ಇನ್ನೊಂದು, ಪಾರಿವಾಳದ್ದು ಮತ್ತೊಂದು, ಮನುಷ್ಯರದೂ ಲೆಕ್ಕದಲ್ಲಿದೆ. ಪಾರಿವಾಳದ್ದು ಅತ್ಯಂತ ಉಷ್ಣ, ಚಳಿಯಿಂದ ಸೊರಗಿದ ಗಿಡಕ್ಕೆ ಮದ್ದಿನಂತೆ ಕೊಂಚವೇ ಕೊಡಬೇಕಾದದ್ದು. ಅಂದಲುಸಿನ ಊರೂರಲ್ಲಿ ಹಮ್ಮಾಮುಗಳಿದ್ದವಲ್ಲ, ಅವುಗಳ ಒಲೆಯ ಬೂದಿಯೂ ಗೊಬ್ಬರವೇ, ಆದರೆ ಅದು ಒಣ, ಉಪ್ಪು ಗುಣದ್ದು, ಬೇರೆ ಗೊಬ್ಬರದ ಜೊತೆ ಬೆರೆಸಿಯೇ ಹಾಕಬೇಕು. ದನಕರು ಇಲ್ಲದವನು ಏನು ಮಾಡಬೇಕು? ಗುಂಡಿ ತೋಡಿ ಹುಲ್ಲು, ಒಣಸೊಪ್ಪು, ಬೂದಿ ತುಂಬಿ, ನೀರು ಹನಿಸಿ, ಕೊಳೆಯುವವರೆಗೆ ಕಾಯಬೇಕು. ಈಗ ನಾವು ಕಾಂಪೋಸ್ಟ್ ಎನ್ನುತ್ತೇವಲ್ಲ, ಅದೇ. ಯಾವ ಗೊಬ್ಬರವನ್ನೂ ಹಸಿಯಾಗಿ ಬಳಸಬಾರದು, ವರ್ಷ ಕಳೆದದ್ದು ಒಳ್ಳೆಯದು, ಇನ್ನೂ ಹಳೆಯದಾದರೆ ಇನ್ನೂ ಒಳ್ಳೆಯದು. ನಮ್ಮ ಬಸಳೆಯ ನೆನಪಾಗಿ ನಾವು ಪುಸ್ತಕ ಮುಚ್ಚಿದ್ದು ಈ ಪುಟದಲ್ಲಿಯೇ.

ಸೆವಿಲ್‌ನ ಹವೆ ನಮ್ಮ ಹವೆಯಲ್ಲ ಎಂಬುದನ್ನು ಇಲ್ಲಿ ಹೇಳಬೇಕು. ಅಲ್ಲಿ ಮಳೆ ಬರುವುದು ಚಳಿಗಾಲದಲ್ಲಿ. ಬೇಸಿಗೆ ಒಣ ಬೇಸಿಗೆ, 40 ಡಿಗ್ರಿ ದಾಟುವ ದಿನಗಳು ಸಾಮಾನ್ಯ. ಗಿಡಕ್ಕೆ ಬಿಸಿಲು ಹೇರಳವಾಗಿರುವಾಗ ಆಕಾಶದಿಂದ ಒಂದು ಹನಿ ಇಲ್ಲ. ಬದನೆ, ಕಬ್ಬು, ನಿಂಬೆ, ಕಿತ್ತಳೆ, ಹತ್ತಿಯಂಥ ಪೂರ್ವದ ಬೆಳೆಗಳನ್ನು ಅಲ್ಲಿ ಊರಿಸಬೇಕಾದರೆ ನೀರನ್ನೂ ಗೊಬ್ಬರವನ್ನೂ ಕೈಯಾರೆ ಒದಗಿಸಲೇಬೇಕು. ಈ ಪುಸ್ತಕಗಳೆಲ್ಲ ಹುಟ್ಟಿದ್ದು ಆ ಒತ್ತಡದಲ್ಲಿ. ಇದನ್ನು ‘ಅರಬ್ ಕೃಷಿ ಕ್ರಾಂತಿ’ ಎಂದು ಚರಿತ್ರಕಾರ ಆಂಡ್ರ್ಯೂ ವಾಟ್ಸನ್ 1974ರಲ್ಲಿ ಕರೆದರು. ಇದರಲ್ಲಿ ಕೆಲವು ಬೆಳೆಗಳು ರೋಮನರ ಕಾಲಕ್ಕೇ ಅಲ್ಲಿಗೆ ಗೊತ್ತಿದ್ದವೆಂದು ಆಕ್ಷೇಪಿಸಿದವರಿದ್ದಾರೆ, ಆಕ್ಷೇಪದಲ್ಲಿ ತಥ್ಯವೂ ಇದೆ. ಎಲ್ಲವನ್ನೂ ನಮ್ಮವರೇ ಕಂಡುಹಿಡಿದರೆಂದು ಎದೆ ತಟ್ಟಿಕೊಳ್ಳುವವರಿಗೆ ಇಲ್ಲೊಂದು ಮಾತು: ಸ್ಪ್ಯಾನಿಷಿನ ‘ನರಾಂಖ’ ಅರಬಿಯ ನಾರಂಜ್‌ನಿಂದ ಬಂತು ನಿಜ, ಆದರೆ ಅರಬಿಗೆ ಅದು ಬಂದದ್ದು ಪಾರಸಿಯ ದಾರಿಯಲ್ಲಿ, ನಮ್ಮ ಸಂಸ್ಕೃತದ ನಾರಂಗದಿಂದ. ಅಲ್ಲಿನ ‘ಅಸೂಕರ್’ ಇಲ್ಲಿನ ಶರ್ಕರ. ಗಿಡವೂ ಹೆಸರೂ ಕೈಯಿಂದ ಕೈಗೆ ದಾಟಿದವು, ದಾಟಿಸಿದವರ ಶ್ರಮ ಸಣ್ಣದಲ್ಲ.

ಹನ್ನೆರಡನೆಯ ಶತಮಾನದ ಕೊನೆಯಲ್ಲಿ ಅದೇ ಸೆವಿಲ್‌ನ ಇಬ್ನುಲ್ ಅವ್ವಾಮ್ ಈ ಇಡೀ ಜ್ಞಾನವನ್ನು ‘ಕಿತಾಬುಲ್ ಫಿಲಾಹ’ದಲ್ಲಿ ಒಟ್ಟುಮಾಡಿದ. 585 ಗಿಡಗಳು, ಐವತ್ತಕ್ಕೂ ಹೆಚ್ಚು ಹಣ್ಣಿನ ಮರಗಳು ಅದರಲ್ಲಿವೆ. ಗಿಡ ನೆಟ್ಟವನ ಫಲವನ್ನು ಹಕ್ಕಿ ತಿಂದರೂ ಅದು ಅವನ ಪಾಲಿಗೆ ದಾನವೇ ಎಂಬ ಹದೀಸಿನ ಮಾತನ್ನು ಆರಂಭದಲ್ಲೇ ನೆನೆಯುವ ಈತ, ಹಳೆಯ ಗ್ರಂಥಗಳ ಮಾತನ್ನು ಎತ್ತಿ ಹೇಳಿ, ಬಳಿಕ ಸೆವಿಲ್‌ನ ಪಕ್ಕದ ಅಶ್ಶರಫ್ ಗುಡ್ಡದಲ್ಲಿ ತಾನೇ ನೆಟ್ಟು ನೋಡಿದ್ದನ್ನು ಸೇರಿಸುತ್ತಾನೆ. ಗಿಡದ ಬುಡದ ಬಳಿ ಮಡಕೆ ಹೂತು ನೀರನ್ನು ತೊಟ್ಟುತೊಟ್ಟಾಗಿ ಬೇರಿಗೆ ಇಳಿಸುವ ಉಪಾಯವೂ ಅಲ್ಲಿದೆ. ಮನೆಯ ಹಿತ್ತಲಿಗೇ ಹತ್ತಿರವಾದವನು ಅಲ್ಮೆರಿಯಾದ ಇಬ್ನ್ ಲುಯೂನ್. 1348ರಲ್ಲಿ, ಮಹಾಮಾರಿ ಪ್ಲೇಗ್ ಅವನ ಊರಿಗೆ ಕಾಲಿಟ್ಟ ವರ್ಷವೇ, ಬೇಸಾಯವನ್ನು ಪದ್ಯದಲ್ಲಿ ಕಟ್ಟಿದ. ಮನೆ ಕೊಂಚ ಎತ್ತರದಲ್ಲಿರಲಿ, ತೆಂಕಣಕ್ಕೆ ಮುಖಮಾಡಿರಲಿ, ಕೊಳಕ್ಕೆ ನೆರಳಿರಲಿ, ಅದರ ಹತ್ತಿರ ಎಲೆ ಉದುರದ ಗಿಡಗಳು, ಆಚೆ ಹೂಗಳು, ಅಂಚಿಗೆ ದ್ರಾಕ್ಷಿ ಬಳ್ಳಿ ಎಂದು ಅವನು ಚಿತ್ರ ಬಿಡಿಸುತ್ತಾನೆ. ಮರುವರ್ಷ ತೀರಿಕೊಂಡ.

ಇನ್ನು ಆ ಹಿತ್ತಲುಗಳಿಗೆ ಏನಾಯಿತು ಎಂಬ ಕತೆ. 1492ರಲ್ಲಿ ಗ್ರನಾಡಾ ಬಿತ್ತು. 1500ರ ಆಸುಪಾಸಿನಲ್ಲಿ ಧರ್ಮಾಧಿಕಾರಿ ಸಿಸ್ನೇರೊಸ್ ಗ್ರನಾಡಾದಲ್ಲಿ ಅರಬಿ ಪುಸ್ತಕಗಳನ್ನು ರಾಶಿ ಹಾಕಿಸಿ ಸುಡಿಸಿದ. ವೈದ್ಯದ ಪುಸ್ತಕಗಳನ್ನು ಮಾತ್ರ ಬೇರೆ ತೆಗೆದು ಉಳಿಸಿಕೊಂಡ, ಮೈಗೆ ಕಾಯಿಲೆ ಬಂದರೆ ಬೇಕಲ್ಲ. ಅದೇ ಸಿಸ್ನೇರೊಸ್ ಮುಂದೆ ಸ್ಪೇನಿನ ರೈತರಿಗೆ ಅವರ ಭಾಷೆಯಲ್ಲೇ ಒಂದು ಬೇಸಾಯದ ಪುಸ್ತಕ ಬೇಕೆಂದು ಗಾಬ್ರಿಯೆಲ್ ಅಲೋನ್ಸೊ ದೆ ಎರ್ರೆರಾ ಎಂಬ ಪಾದ್ರಿಯಿಂದ ಬರೆಸಿದ. 1513ರಲ್ಲಿ ಅದು ಅಚ್ಚಾಯಿತು. ಎರ್ರೆರಾ ಗ್ರನಾಡಾ ಬಿದ್ದ ಮೇಲಿನ ವರ್ಷಗಳಲ್ಲಿ ಅಲ್ಲೇ ಇದ್ದು ಅಲ್ಲಿನ ಮುಸ್ಲಿಮ್ ಒಕ್ಕಲಿಗರ ತೋಟಗಳನ್ನು ಕಣ್ಣಾರೆ ಕಂಡವನು. ಅವನ ಪುಸ್ತಕ ನೆನೆಯುವ ‘ಅಬೆನ್ಸೆನಿಫ್’ ಬೇರಾರೂ ಅಲ್ಲ, ಟೊಲೆಡೊದ ಇಬ್ನ್ ವಾಫಿದನೇ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಒಬ್ಬನೇ ಮನುಷ್ಯ ಒಂದು ಕೈಯಲ್ಲಿ ಸುಟ್ಟದ್ದನ್ನು ಇನ್ನೊಂದು ಕೈಯಲ್ಲಿ ಬರೆಸಿಕೊಂಡ ಈ ಪ್ರಸಂಗವನ್ನು ಕತೆಯಾಗಿಸಿದರೆ ಕಟ್ಟುಕತೆ ಎಂದು ಓದುಗರು ನಮ್ಮನ್ನೇ ಗದರಿಸಿಯಾರು.

ಒತ್ತಾಯದಿಂದ ಕ್ರೈಸ್ತರಾದ ಮುಸ್ಲಿಮರನ್ನು ‘ಮೊರಿಸ್ಕೊ’ಗಳು ಎಂದು ಕರೆದರು. 1567ರ ಆಜ್ಞೆ ಅವರ ಭಾಷೆ, ಉಡುಪು, ಹಮ್ಮಾಮುಗಳನ್ನು ನಿಷೇಧಿಸಿತು. ಹಮ್ಮಾಮು ಹೋದರೆ ಅದರ ಬೂದಿಯೂ ಹೋಯಿತು ಎಂದು ತೋಟದ ಕಡೆಯಿಂದ ನೋಡುವ ನಮಗೆ ಅನಿಸುತ್ತದೆ. ದಂಗೆಯಾಯಿತು, ಅದನ್ನು ತುಳಿದು 1570ರಲ್ಲಿ ಗ್ರನಾಡಾದ ಮೊರಿಸ್ಕೊಗಳನ್ನು ಒಳನಾಡಿಗೆ ಚದುರಿಸಿದರು. ಕೊನೆಗೆ 1609ರ ಸೆಪ್ಟೆಂಬರ್ 22ರಂದು ವಲೆನ್ಸಿಯಾದಲ್ಲಿ ಡಂಗುರ ಸಾರಿದರು. ಮೂರು ದಿನಗಳಲ್ಲಿ ಹೊರಡಲು ಸಿದ್ಧರಾಗಬೇಕು, ಕೈಯಲ್ಲಿ ಹೊರುವಷ್ಟನ್ನು ಮಾತ್ರ ಒಯ್ಯಬಹುದು. ಆ ರಾಜ್ಯದ ಜನರಲ್ಲಿ ಸುಮಾರು ಮೂರರಲ್ಲೊಂದು ಪಾಲು ಅವರೇ ಇದ್ದರು. 1614ರ ಹೊತ್ತಿಗೆ ಇಡೀ ಸ್ಪೇನಿನಿಂದ ಹಡಗು ಹತ್ತಿದವರು ಸುಮಾರು ಮೂರು ಲಕ್ಷ.

ಆ ಆಜ್ಞೆಯಲ್ಲಿ ಒಂದು ಕಲಮು ಇತ್ತು. ನೂರು ಕುಟುಂಬಗಳಲ್ಲಿ ಆರು ಕುಟುಂಬಗಳು ಉಳಿಯಬಹುದು. ಯಾಕೆ? ಮನೆಗಳನ್ನು, ಸಕ್ಕರೆಯ ಗಾಣಗಳನ್ನು, ಭತ್ತವನ್ನು, ನೀರಿನ ಕಾಲುವೆಗಳನ್ನು ನೋಡಿಕೊಳ್ಳಲಿಕ್ಕೆ, ಮತ್ತು ಹೊಸದಾಗಿ ಬರುವವರಿಗೆ ಈ ಕೆಲಸ ಕಲಿಸಲಿಕ್ಕೆ. ದೇಶಕ್ಕೆ ಅಪಾಯವೆಂದು ಒಂದು ಜನಾಂಗವನ್ನೇ ಹೊರಗಟ್ಟುವ ಕಾಗದದಲ್ಲಿಯೇ ಅವರಿಲ್ಲದೆ ಬದನೆಗೆ ನೀರು ಬಿಡಲು ತಮಗೆ ಬಾರದೆಂದು ಒಪ್ಪಿಕೊಂಡ ಸರಕಾರವದು! ಈ ಕಲಮು ಹೆಚ್ಚೇನೂ ನಡೆಯಲಿಲ್ಲ. ನೆರೆಹೊರೆಯೆಲ್ಲ ಹಡಗು ಹತ್ತುವಾಗ ಕಲಿಸಲೆಂದು ಉಳಿದುಕೊಳ್ಳಲು ಯಾರಿಗೆ ತಾನೇ ಮನಸ್ಸು ಬಂದೀತು. ಸಕ್ಕರೆಗೆ ಹೆಸರಾಗಿದ್ದ ಗಾಂದಿಯಾದ ದೊರೆಗೆ ಹೊಲವಿತ್ತು, ಗಾಣವಿತ್ತು, ಕೈಗಳು ಇರಲಿಲ್ಲ.

ಜ್ಞಾನ ಸತ್ತುಹೋಯಿತೆಂದು ಹೇಳಲಾಗದು. 1802ರಲ್ಲಿ ಬಂಕೇರಿ ಎಂಬ ಪಾದ್ರಿಯೇ ಇಬ್ನುಲ್ ಅವ್ವಾಮನ ಪುಸ್ತಕವನ್ನು ಅರಬಿ ಮೂಲದ ಸಮೇತ ಸ್ಪ್ಯಾನಿಷಿಗೆ ತಂದ. ಸೊರಗಿದ್ದ ದೇಶದ ಬೇಸಾಯಕ್ಕೆ ಅದರಿಂದ ಜೀವ ಬಂದೀತೆಂಬ ಆಸೆ ಅದನ್ನು ಮಾಡಿಸಿದವರಲ್ಲಿತ್ತು. ಅಲ್ಲಿನ ರೈತ ಕಾಲುವೆಗೆ ಇಂದಿಗೂ ‘ಅಸೇಕಿಯ’ ಎನ್ನುತ್ತಾನೆ, ಅದು ಅರಬಿಯ ಸಾಕಿಯ. ತೋಟದ ಕೊಳ ‘ಅಲ್ಬೆರ್ಕ’, ಅದು ಅಲ್ ಬಿರ್ಕ. ವಲೆನ್ಸಿಯಾದಲ್ಲಿ ಪ್ರತಿ ಗುರುವಾರ ನಡುಹಗಲಿಗೆ ದೊಡ್ಡ ಇಗರ್ಜಿಯ ಬಾಗಿಲಲ್ಲಿ ರೈತರೇ ಕೂತು ನೀರಿನ ತಗಾದೆ ತೀರ್ಮಾನಿಸುವ ಪಂಚಾಯತಿಯ ಬೇರು ಮುಸ್ಲಿಮರ ಕಾಲದಲ್ಲಿದೆ ಎಂಬುದು ಅಲ್ಲಿನವರ ನಂಬಿಕೆ. 2009ರಲ್ಲಿ ಯುನೆಸ್ಕೊ ಅದನ್ನು ಪರಂಪರೆಯ ಪಟ್ಟಿಗೆ ಸೇರಿಸಿತು. ಅಲ್‌ಹಂಬ್ರದ ಪಕ್ಕದ ಜನರಲೀಫೆಯ ತೋಟದಲ್ಲಿ ಈಗಲೂ ತರಕಾರಿ ಬೆಳೆಯುತ್ತಾರೆ.

ಗ್ರನಾಡಾದ ಅಲ್ಬಾಯ್ಸಿನ್ ಗುಡ್ಡದ ಮೇಲೆ ಎತ್ತರದ ಸುಣ್ಣದ ಗೋಡೆಗಳ ನಡುವೆ ‘ಕಾರ್ಮೆನ್’ ಎಂದು ಕರೆಯುವ ಮನೆಗಳಿವೆ. ಆ ಹೆಸರು ಅರಬಿಯ ‘ಕರ್ಮ್’, ಅಂದರೆ ದ್ರಾಕ್ಷಿ. ಪ್ರವಾಸಿಗಳು ಹಾಡಿ ಹೊಗಳುವ ಆ ಮನೆಗಳಲ್ಲಿ ಕಟ್ಟಡ ಸಣ್ಣದು, ಹಿತ್ತಲು ದೊಡ್ಡದು. ದಾಳಿಂಬೆ, ನಿಂಬೆ, ಬಳ್ಳಿಯ ಚಪ್ಪರ, ಪುಟ್ಟ ಕೊಳ. ಒತ್ತೊತ್ತಾಗಿ ಮನೆಗಳಿದ್ದ ಆ ಕೇರಿಯಲ್ಲಿ ಅಷ್ಟು ವಿಶಾಲವಾದ ಹಿತ್ತಲು ಎಲ್ಲಿಂದ ಬಂತೆಂದು ಹುಡುಕಿದರೆ ಕಾರಣ ಸಿಗುತ್ತದೆ. ಮೊರಿಸ್ಕೊಗಳನ್ನು ಸಾಗಹಾಕಿದ ಮೇಲೆ ಕೇರಿ ಬರಿದಾಯಿತು, ಪಾಳುಬಿದ್ದ ಮನೆಗಳ ನಿವೇಶನಗಳನ್ನು ಹೊಸಬರು ಒಂದಕ್ಕೊಂದು ಸೇರಿಸಿಕೊಂಡರು, ಗೋಡೆ ಬಿದ್ದ ಜಾಗಗಳಲ್ಲಿ ಗಿಡ ನೆಟ್ಟರು.