ದಿ ಲಾಸ್ಟ್ ಗಾರ್ಡಿಯನ್: ನಿರ್ಮಾಣದ ವಿಳಂಬ ಮತ್ತು ಸಿಬ್ಬಂದಿ ನಿರ್ಗಮನದ ಊಹಾಪೋಹಗಳು

ದಿ ಲಾಸ್ಟ್ ಗಾರ್ಡಿಯನ್ ಜಪಾನಿನಲ್ಲಿ ರೂಪುಗೊಂಡ ಸಾಹಸಪ್ರಧಾನ ವಿಡಿಯೋ ಗೇಮ್. ಇದು 2016ರ ಡಿಸೆಂಬರ್ ತಿಂಗಳಲ್ಲಿ ಪ್ಲೇಸ್ಟೇಷನ್ 4 ಯಂತ್ರಕ್ಕಾಗಿ ಬಿಡುಗಡೆಯಾಯಿತು. ಇದರ ನಿರ್ದೇಶಕರು ಫುಮಿಟೊ ಉಯೆಡಾ. ಪ್ರಕಟಿಸಿದ್ದು ಸೋನಿ ಸಂಸ್ಥೆ. 2007ರಲ್ಲಿ ಆರಂಭವಾದ ಇದರ ನಿರ್ಮಾಣ ಕಾರ್ಯ ಸುಮಾರು ಒಂಬತ್ತು ವರ್ಷಗಳ ಕಾಲ ನಡೆಯಿತು. ಈ ಅವಧಿಯ ನಡುವೆ, 2011ರ ಕೊನೆಯಲ್ಲಿ, ನಿರ್ದೇಶಕರೂ ಒಬ್ಬ ಹಿರಿಯ ನಿರ್ಮಾಪಕರೂ ಸೋನಿ ಸಂಸ್ಥೆಯ ನೌಕರಿಯನ್ನು ತೊರೆದರೆಂಬ ಸುದ್ದಿ ಹೊರಬಂದಿತು. ಆಟವನ್ನು ಕೈಬಿಡಲಾಗಿದೆ ಎಂಬ ಊಹೆಗೆ ಈ ಸುದ್ದಿಯೇ ಮುಖ್ಯ ಆಧಾರವಾಯಿತು. ಮುಂದಿನ ಮೂರೂವರೆ ವರ್ಷಗಳ ಕಾಲ ಅದು ಅಭಿಮಾನಿಗಳ ನಡುವೆ ಉಳಿದುಕೊಂಡಿತು. ಕೊನೆಗೆ ಆಟವು ಅದೇ ನಿರ್ದೇಶಕರ ಹೆಸರಿನಲ್ಲಿಯೇ ಪೂರ್ಣಗೊಂಡಿತು. ಈ ಕಾರಣದಿಂದ, ನಿರ್ಮಾಣ ಹಂತದ ಆಟವೊಂದರ ಸ್ಥಿತಿಯನ್ನು ಸಿಬ್ಬಂದಿಯ ಬರುಹೋಗುಗಳಿಂದ ಎಷ್ಟರಮಟ್ಟಿಗೆ ತಿಳಿಯಬಹುದು ಎಂಬ ಪ್ರಶ್ನೆಗೆ ಈ ಪ್ರಕರಣ ಒಂದು ಉತ್ತಮ ಉದಾಹರಣೆಯಾಗಿದೆ.

ಹಿನ್ನೆಲೆ

ಫುಮಿಟೊ ಉಯೆಡಾ ಅವರು ಒಸಾಕಾ ಕಲಾ ವಿಶ್ವವಿದ್ಯಾಲಯದಲ್ಲಿ ಓದಿದವರು. 1997ರಲ್ಲಿ ಸೋನಿ ಸಂಸ್ಥೆಯನ್ನು ಸೇರಿ, ಅದರ ಜಪಾನ್ ಸ್ಟುಡಿಯೋ ವಿಭಾಗದಲ್ಲಿ ಒಂದು ಸಣ್ಣ ತಂಡವನ್ನು ಕಟ್ಟಿಕೊಂಡು ಕೆಲಸ ಮಾಡಿದರು. ಈ ತಂಡವು 2001ರಲ್ಲಿ 'ಇಕೋ' ಎಂಬ ಆಟವನ್ನೂ 2005ರಲ್ಲಿ 'ಶ್ಯಾಡೋ ಆಫ್ ದ ಕೊಲೋಸಸ್' ಎಂಬ ಆಟವನ್ನೂ ಹೊರತಂದಿತು. ಮೊದಲ ಆಟದ ಹೆಸರಿನಿಂದಲೇ ತಂಡಕ್ಕೆ 'ಟೀಮ್ ಇಕೋ' ಎಂಬ ಹೆಸರು ಬಂದಿತು. ಮಾತು ಕಡಿಮೆ, ವಿವರಣೆ ಇನ್ನೂ ಕಡಿಮೆ ಇರುವ ಈ ಆಟಗಳು ವಿಡಿಯೋ ಗೇಮನ್ನು ಕಲೆಯೆಂದು ಪರಿಗಣಿಸಬಹುದೇ ಎಂಬ ಚರ್ಚೆಯಲ್ಲಿ ಮತ್ತೆ ಮತ್ತೆ ಉಲ್ಲೇಖಗೊಂಡವು. ಅನಗತ್ಯವಾದುದನ್ನೆಲ್ಲ ಕಳೆಯುತ್ತ ಹೋಗಿ ಉಳಿದುದನ್ನು ಮಾತ್ರ ಇಟ್ಟುಕೊಳ್ಳುವುದು ಉಯೆಡಾ ಅವರ ವಿನ್ಯಾಸ ಕ್ರಮ.

ಇಂತಹ ಆಟಗಳಲ್ಲಿ ನಿರ್ದೇಶಕರ ಹೆಸರು, ಸಾಹಿತ್ಯ ಕೃತಿಗೆ ಲೇಖಕರ ಹೆಸರಿದ್ದಂತೆ, ಆಟದಿಂದ ಬೇರ್ಪಡಿಸಲಾಗದಂತೆ ಬೆಸೆದುಕೊಂಡಿರುತ್ತದೆ. ಆದ್ದರಿಂದ ನೂರಾರು ಜನ ದುಡಿಯುವ ಬೇರೊಂದು ಆಟದಿಂದ ಒಬ್ಬ ನಿರ್ದೇಶಕರು ಹೊರನಡೆದರೆ ಆಗುವುದಕ್ಕಿಂತ ಹೆಚ್ಚಿನ ಆತಂಕ ಇಲ್ಲಿ ಉಂಟಾಯಿತು.

ಘೋಷಣೆ ಮತ್ತು ಮೊದಲ ವಿಳಂಬ

2009ರ ಮೇ ತಿಂಗಳಲ್ಲಿ, 'ಪ್ರಾಜೆಕ್ಟ್ ಟ್ರಿಕೋ' ಎಂಬ ಗುಪ್ತನಾಮದ ಒಂದು ದೃಶ್ಯತುಣುಕು ಅಧಿಕೃತ ಪ್ರಕಟಣೆಗೆ ಮೊದಲೇ ಸೋರಿಕೆಯಾಯಿತು. ಜೂನ್ ತಿಂಗಳಲ್ಲಿ ಲಾಸ್ ಏಂಜಲೀಸ್‌ನ ಇ3 ಮೇಳದಲ್ಲಿ ಸೋನಿ ಸಂಸ್ಥೆಯು ಪ್ಲೇಸ್ಟೇಷನ್ 3 ಯಂತ್ರಕ್ಕಾಗಿ ಆಟವನ್ನು ವಿಧ್ಯುಕ್ತವಾಗಿ ಘೋಷಿಸಿತು. ಒಬ್ಬ ಬಾಲಕ, ಮತ್ತು ರೆಕ್ಕೆಪುಕ್ಕಗಳುಳ್ಳ ಟ್ರಿಕೋ ಎಂಬ ಬೃಹತ್ ಪ್ರಾಣಿ, ಇವರಿಬ್ಬರ ಸ್ನೇಹವೇ ಆಟದ ವಸ್ತು. ಜಪಾನಿ ಭಾಷೆಯಲ್ಲಿ ಟ್ರಿಕೋ ಎಂಬ ಉಚ್ಚಾರಕ್ಕೆ 'ಸೆರೆಯಾಳು' ಎಂದೂ 'ಹಕ್ಕಿಮರಿ' ಎಂದೂ ಅರ್ಥ ಹೊರಡುತ್ತದೆ. ಹಕ್ಕಿ ಮತ್ತು ಬೆಕ್ಕು ಎಂಬ ಎರಡು ಪದಗಳ ಕೂಡಿಕೆಯಾಗಿಯೂ ಅದನ್ನು ಓದಬಹುದು.

2010ರ ಟೋಕಿಯೋ ಗೇಮ್ ಪ್ರದರ್ಶನದಲ್ಲಿ, ಆಟವು 2011ರ ಕೊನೆಯಲ್ಲಿ ಬಿಡುಗಡೆಯಾಗುವುದೆಂದು ತಿಳಿಸಲಾಯಿತು. ಆದರೆ 2011ರ ಏಪ್ರಿಲ್‌ನಲ್ಲಿ ಸೋನಿ ಆ ಗಡುವನ್ನು ಹಿಂತೆಗೆದುಕೊಂಡಿತು. ಹೊಸ ದಿನಾಂಕವನ್ನು ಕೊಡಲಿಲ್ಲ. ಆ ವರ್ಷ ತಂಡದ ಹಿಂದಿನ ಎರಡು ಆಟಗಳ ಪರಿಷ್ಕೃತ ರೂಪಗಳಷ್ಟೇ ಮಾರುಕಟ್ಟೆಗೆ ಬಂದವು.

2011ರ ನಿರ್ಗಮನಗಳು

2011ರ ಕೊನೆಯಲ್ಲಿ ಉಯೆಡಾ ಅವರು ಸೋನಿ ಸಂಸ್ಥೆಯನ್ನು ಬಿಟ್ಟಿದ್ದಾರೆ ಎಂಬ ವರದಿ ಪ್ರಕಟವಾಯಿತು. ಅದೇ ಹೊತ್ತಿಗೆ, ಆಟದ ಕಾರ್ಯನಿರ್ವಾಹಕ ನಿರ್ಮಾಪಕರಾಗಿದ್ದ ಯೋಶಿಫುಸಾ ಹಯಾಮಾ ಅವರು ಸಾಮಾಜಿಕ ಜಾಲತಾಣದ ಆಟಗಳನ್ನು ರೂಪಿಸುತ್ತಿದ್ದ ಲಂಡನ್ನಿನ ಬೋಸಾ ಸ್ಟುಡಿಯೋಸ್ ಸೇರಿದ ಸುದ್ದಿಯೂ ಬಂದಿತು. ಎರಡು ಸುದ್ದಿಗಳು ಒಂದರ ಬೆನ್ನಿಗೆ ಒಂದು ಬಂದುದರಿಂದ ಅವುಗಳ ಹಿಂದೆ ಒಂದೇ ಕಾರಣವಿರಬೇಕೆಂದು ಅನೇಕರು ಭಾವಿಸಿದರು.

ಉಯೆಡಾ ಅವರ ವಿಷಯದಲ್ಲಿ ಒಂದು ಸೂಕ್ಷ್ಮ ವ್ಯತ್ಯಾಸವಿತ್ತು. ಅವರು ಬಿಟ್ಟದ್ದು ನೌಕರಿಯನ್ನು, ಆಟವನ್ನಲ್ಲ. ಒಪ್ಪಂದದ ಮೇಲೆ ಸ್ವತಂತ್ರ ಕಲಾವಿದರಾಗಿ ಅವರು ಅದೇ ಆಟದ ನಿರ್ದೇಶನವನ್ನು ಮುಂದುವರಿಸಿದರು. ಈ ಅಂಶವನ್ನು ಆಗಲೇ ತಿಳಿಸಲಾಗಿದ್ದರೂ 'ನಿರ್ದೇಶಕರು ಹೊರನಡೆದರು' ಎಂಬ ಶೀರ್ಷಿಕೆಯ ಮುಂದೆ ಅದು ಮಸುಕಾಯಿತು.

ಅಭಿಮಾನಿಗಳ ಊಹೆಗಳು

ಮುಂದಿನ ವರ್ಷಗಳಲ್ಲಿ ಹಬ್ಬಿದ ಊಹೆಗಳನ್ನು ಸ್ಥೂಲವಾಗಿ ಮೂರು ಬಗೆಯಾಗಿ ವಿಂಗಡಿಸಬಹುದು.

ಮೊದಲನೆಯದು, ಆಟವನ್ನು ಒಳಗೊಳಗೇ ರದ್ದುಪಡಿಸಲಾಗಿದೆ, ಪ್ರಕಟಿಸಲು ಮಾತ್ರ ಸಂಸ್ಥೆ ಹಿಂಜರಿಯುತ್ತಿದೆ ಎಂಬುದು. ಎರಡನೆಯದು, ಕಲಾವಿದನಿಗೂ ಸಂಸ್ಥೆಗೂ ನಡುವೆ ಮನಸ್ತಾಪ ಉಂಟಾಗಿದೆ, ನಿರ್ಗಮನ ಅದರ ಫಲ ಎಂಬುದು. ಮೂರನೆಯದು, ಪ್ಲೇಸ್ಟೇಷನ್ 3 ಯಂತ್ರದ ಶಕ್ತಿ ಈ ಆಟಕ್ಕೆ ಸಾಲುತ್ತಿಲ್ಲ, ಆದ್ದರಿಂದ ಕೆಲಸ ನಿಂತಿದೆ ಇಲ್ಲವೇ ಮುಂದಿನ ಯಂತ್ರಕ್ಕೆ ವರ್ಗವಾಗುತ್ತಿದೆ ಎಂಬುದು.

ಊಹೆಗಳು ಬೆಳೆಯಲು ಸಂಸ್ಥೆಯ ಮೌನ ಬಹುಮಟ್ಟಿಗೆ ಕಾರಣವಾಯಿತು. ಕೆಲಸ ಮುಂದುವರಿದಿದೆ ಎಂಬ ಸಂಕ್ಷಿಪ್ತ ಹೇಳಿಕೆ ಆಗಾಗ ಬರುತ್ತಿತ್ತೇ ಹೊರತು ಹೊಸ ದೃಶ್ಯಗಳು ಬರಲಿಲ್ಲ. ಪ್ರತಿ ವರ್ಷದ ಇ3 ಮೇಳದಲ್ಲಿ ಆಟ ಕಾಣಿಸದೆ ಹೋದಾಗ ಆ ಅನುಪಸ್ಥಿತಿಯೇ ಸಾಕ್ಷ್ಯವೆನಿಸಿಕೊಳ್ಳುತ್ತಿತ್ತು. 2014ರ ಜೂನ್‌ನಲ್ಲಿ ಆಟ ರದ್ದಾಗಿದೆ ಎಂಬ ವರದಿ ಹೊರಬಿದ್ದಿತು. ಸೋನಿ ಅದನ್ನು ಕೂಡಲೇ ಅಲ್ಲಗಳೆಯಿತು. 2015ರ ಫೆಬ್ರುವರಿಯಲ್ಲಿ ಅಮೆರಿಕದ ವ್ಯಾಪಾರಮುದ್ರೆ ಕಚೇರಿಯಲ್ಲಿ ಆಟದ ಹೆಸರಿನ ನೋಂದಣಿ ಅರ್ಜಿ ಅವಧಿ ಮೀರಿ ಕೈಬಿಟ್ಟದ್ದೆಂದು ದಾಖಲಾಯಿತು. ಇದು ಕಾಗದಪತ್ರದ ಲೋಪ ಮಾತ್ರ ಎಂಬ ವಿವರಣೆ ಬಂದರೂ, 2011ರ ನಿರ್ಗಮನದೊಡನೆ ಇದನ್ನು ಜೋಡಿಸಿ ಓದಿದವರಿಗೆ ಆಟದ ಅಂತ್ಯ ಖಚಿತವೆನಿಸಿತು.

ವಾಸ್ತವದಲ್ಲಿ ನಡೆದದ್ದು

ನಂತರದ ಸಂದರ್ಶನಗಳಿಂದ ತಿಳಿದುಬಂದಂತೆ, ಮೂರನೆಯ ಊಹೆ ಸತ್ಯಕ್ಕೆ ಅತ್ಯಂತ ಸಮೀಪವಾಗಿತ್ತು. ಟ್ರಿಕೋ ಪ್ರಾಣಿಯ ಗರಿಗಳು ಗಾಳಿಗೆ ಅಲುಗಬೇಕು; ಅದು ಇಕ್ಕಟ್ಟಾದ ಕಟ್ಟಡಗಳ ನಡುವೆ ತಾನಾಗಿಯೇ ದಾರಿ ಹುಡುಕಬೇಕು; ಬಾಲಕ ಅದರ ಮೈಮೇಲೆ ಎಲ್ಲಿ ಬೇಕಾದರೂ ಹತ್ತುವಂತಿರಬೇಕು. ಇವೆಲ್ಲವನ್ನೂ ಏಕಕಾಲದಲ್ಲಿ ನಡೆಸುವುದು ಪ್ಲೇಸ್ಟೇಷನ್ 3 ಯಂತ್ರಕ್ಕೆ ಭಾರವಾಯಿತು. 2009ರಲ್ಲಿ ಮೇಳದಲ್ಲಿ ತೋರಿಸಿದ ದೃಶ್ಯಗಳು ಯಂತ್ರದಲ್ಲಿ ಅದಕ್ಕಿಂತ ನಿಧಾನವಾಗಿ ಓಡುತ್ತಿದ್ದವು, ಪ್ರದರ್ಶನಕ್ಕಾಗಿ ಅವುಗಳ ವೇಗವನ್ನು ಹೆಚ್ಚಿಸಲಾಗಿತ್ತು ಎಂದು ಸೋನಿ ಸ್ಟುಡಿಯೋಗಳ ಅಂದಿನ ಮುಖ್ಯಸ್ಥ ಶುಹೇ ಯೋಶಿಡಾ ಅವರು ಮುಂದೆ ತಿಳಿಸಿದರು.

2012ರಲ್ಲಿ ಆಟವನ್ನು ಪ್ಲೇಸ್ಟೇಷನ್ 4 ಯಂತ್ರಕ್ಕೆ ವರ್ಗಾಯಿಸಲು ನಿರ್ಧರಿಸಲಾಯಿತು. ಆಗ ಆ ಯಂತ್ರವೇ ಇನ್ನೂ ಸಾರ್ವಜನಿಕವಾಗಿ ಘೋಷಣೆಯಾಗಿರಲಿಲ್ಲ. ಅದು ಘೋಷಣೆಯಾದದ್ದು 2013ರ ಫೆಬ್ರುವರಿಯಲ್ಲಿ. ಹೀಗಾಗಿ ಆಟ ಜೀವಂತವಾಗಿದೆ ಎಂಬುದಕ್ಕೆ ಇದ್ದ ಅತ್ಯಂತ ಬಲವಾದ ಪುರಾವೆಯನ್ನು ಹೊರಗೆ ಹೇಳಲು ಸಂಸ್ಥೆಗೆ ಅವಕಾಶವಿರಲಿಲ್ಲ. ಅಭಿಮಾನಿಗಳು ಸೋಲಿನ ಗುರುತೆಂದು ಓದಿದ ಮೌನದ ಒಂದು ಭಾಗವಾದರೂ ಇನ್ನೊಂದು ಗುಟ್ಟನ್ನು ಕಾಪಾಡುವ ಮೌನವಾಗಿತ್ತು.

2014ರಲ್ಲಿ ಉಯೆಡಾ ಅವರೂ ಟೀಮ್ ಇಕೋದ ಕೆಲವು ಹಿಂದಿನ ಸದಸ್ಯರೂ ಸೇರಿ ಜೆನ್‌ಡಿಸೈನ್ ಎಂಬ ಸ್ವತಂತ್ರ ಸಂಸ್ಥೆಯನ್ನು ಕಟ್ಟಿದರು. ಕಲಾತ್ಮಕ ಭಾಗವನ್ನು ಈ ಸಂಸ್ಥೆಯೂ ತಾಂತ್ರಿಕ ಭಾಗವನ್ನು ಜಪಾನ್ ಸ್ಟುಡಿಯೋವೂ ನೋಡಿಕೊಂಡವು. ತಂಡ ಒಡೆದಿತ್ತು ಎಂಬುದು ನಿಜ. ಆದರೆ ಒಡೆದ ಭಾಗಗಳು ಬೇರೊಂದು ವ್ಯವಸ್ಥೆಯಲ್ಲಿ ಮತ್ತೆ ಕೂಡಿಕೊಂಡಿದ್ದವು.

ಬಿಡುಗಡೆ ಮತ್ತು ಸ್ವೀಕಾರ

2015ರ ಜೂನ್‌ನಲ್ಲಿ ನಡೆದ ಇ3 ಮೇಳದಲ್ಲಿ ಸೋನಿ ತನ್ನ ಸಮಾರಂಭವನ್ನು ಈ ಆಟದಿಂದಲೇ ಆರಂಭಿಸಿತು. ಮುಂದಿನ ವರ್ಷದ ಮೇಳದಲ್ಲಿ 2016ರ ಅಕ್ಟೋಬರ್ 25 ಬಿಡುಗಡೆಯ ದಿನವೆಂದು ಪ್ರಕಟವಾಯಿತು. ದೋಷಗಳನ್ನು ತಿದ್ದುವ ಸಲುವಾಗಿ ಅದನ್ನು ಇನ್ನೊಮ್ಮೆ ಮುಂದೂಡಲಾಯಿತು. ಡಿಸೆಂಬರ್ 6ರಂದು ಆಟ ಜಪಾನ್ ಮತ್ತು ಉತ್ತರ ಅಮೆರಿಕದಲ್ಲಿ ಮಾರಾಟಕ್ಕೆ ಬಂದಿತು. ತಕೇಶಿ ಫುರುಕಾವಾ ಅವರ ಸಂಗೀತವನ್ನು ಲಂಡನ್ ಸಿಂಫನಿ ಆರ್ಕೆಸ್ಟ್ರಾ ನುಡಿಸಿದೆ.

ಟ್ರಿಕೋದ ಜೀವಂತ ನಡವಳಿಕೆಯನ್ನು ವಿಮರ್ಶಕರು ಮುಕ್ತವಾಗಿ ಮೆಚ್ಚಿದರು. ಕ್ಯಾಮರಾ ಚಲನೆ ಮತ್ತು ನಿಯಂತ್ರಣಗಳ ಬಗ್ಗೆ ಆಕ್ಷೇಪಗಳಿದ್ದವು. ಪ್ರಾಣಿ ಹೇಳಿದ ಮಾತನ್ನು ಒಮ್ಮೆಗೇ ಕೇಳುವುದಿಲ್ಲ ಎಂಬುದು ಕೆಲವರಿಗೆ ದೋಷವಾಗಿಯೂ ಕೆಲವರಿಗೆ ಆಟದ ಜೀವಾಳವಾಗಿಯೂ ಕಂಡಿತು.

ಇತರ ಪ್ರಕರಣಗಳೊಂದಿಗೆ ಹೋಲಿಕೆ

ನಿರ್ಗಮನದ ಸುದ್ದಿಯಿಂದ ಹೆಚ್ಚು ಊಹಿಸಿದ್ದಕ್ಕೆ ದಿ ಲಾಸ್ಟ್ ಗಾರ್ಡಿಯನ್ ಉದಾಹರಣೆಯಾದರೆ, ಕಡಿಮೆ ಊಹಿಸಿದ್ದಕ್ಕೆ 'ಮೆಟಲ್ ಗಿಯರ್ ಸಾಲಿಡ್ 5: ದಿ ಫ್ಯಾಂಟಮ್ ಪೇನ್' ಉದಾಹರಣೆಯಾಗಿದೆ. 2015ರ ಮಾರ್ಚ್‌ನಲ್ಲಿ ಕೊನಾಮಿ ಸಂಸ್ಥೆಯ ಪ್ರಚಾರ ಸಾಮಗ್ರಿಗಳಿಂದ ನಿರ್ದೇಶಕ ಹಿಡಿಯೊ ಕೊಜಿಮಾ ಅವರ ಹೆಸರು ಮಾಯವಾಯಿತು. ಇದೇ ಆಟವನ್ನು 2012ರಲ್ಲಿ ಮೊದಲು ಪರಿಚಯಿಸಿದಾಗ 'ಮೋಬಿ ಡಿಕ್ ಸ್ಟುಡಿಯೋ' ಎಂಬ ಇಲ್ಲದ ಸಂಸ್ಥೆಯ ಹೆಸರನ್ನು ಬಳಸಿ ಪ್ರೇಕ್ಷಕರನ್ನು ಏಮಾರಿಸಲಾಗಿತ್ತು. ಆದ್ದರಿಂದ ಹೆಸರು ಅಳಿಸಿದ್ದೂ ಅಂತಹದೇ ಪ್ರಚಾರ ತಂತ್ರವೆಂದು ಅಭಿಮಾನಿಗಳಲ್ಲಿ ಒಂದು ವರ್ಗ ನಂಬಿತು. ಆದರೆ ನಿರ್ಗಮನ ನಿಜವಾಗಿತ್ತು. 2015ರ ಡಿಸೆಂಬರ್‌ನಲ್ಲಿ ಕೊಜಿಮಾ ಅವರು ತಮ್ಮದೇ ಸ್ವತಂತ್ರ ಸಂಸ್ಥೆಯನ್ನು ಘೋಷಿಸಿದರು.

'ಫೈನಲ್ ಫ್ಯಾಂಟಸಿ 15' ಇನ್ನೊಂದು ಬಗೆಯದು. 2006ರಲ್ಲಿ ಬೇರೆ ಹೆಸರಿನಿಂದ ಘೋಷಣೆಯಾದ ಈ ಆಟದ ನಿರ್ದೇಶನ ಟೆಟ್ಸುಯಾ ನೊಮುರಾ ಅವರಿಂದ ಹಜಿಮೆ ತಬಾತಾ ಅವರಿಗೆ ವರ್ಗವಾದದ್ದನ್ನು ಸಂಸ್ಥೆಯೇ 2014ರಲ್ಲಿ ಬಹಿರಂಗವಾಗಿ ತಿಳಿಸಿತು. ಆಟ 2016ರ ನವೆಂಬರ್‌ನಲ್ಲಿ ಬಿಡುಗಡೆಯಾಯಿತು. 'ಡ್ಯೂಕ್ ನ್ಯೂಕೆಮ್ ಫಾರೆವರ್' ಆಟವಂತೂ 1997ರಲ್ಲಿ ಘೋಷಣೆಯಾಗಿ, 2009ರಲ್ಲಿ ನಿರ್ಮಾಣ ತಂಡವನ್ನೇ ಕೆಲಸದಿಂದ ತೆಗೆದ ಮೇಲೂ ಬೇರೊಂದು ಸಂಸ್ಥೆಯ ಕೈಯಲ್ಲಿ 2011ರಲ್ಲಿ ಪೂರ್ಣಗೊಂಡಿತು.

ಈ ನಾಲ್ಕನ್ನೂ ಒಟ್ಟಿಗೆ ಇರಿಸಿ ನೋಡಿದಾಗ, ನಿರ್ಗಮನವು ತೊಂದರೆಯ ಲಕ್ಷಣವಾಗಿರಬಹುದಾದರೂ ಅದು ಯಾವ ತೊಂದರೆ ಎಂಬುದನ್ನಾಗಲಿ, ಆಟದ ಅಂತಿಮ ಗತಿಯನ್ನಾಗಲಿ ತಾನಾಗಿ ಸೂಚಿಸುವುದಿಲ್ಲ ಎಂಬುದು ಕಾಣುತ್ತದೆ. ನಾಲ್ಕು ಆಟಗಳೂ ಬಿಡುಗಡೆಯಾದವು. ನಾಲ್ಕರ ನಿರ್ದೇಶಕರ ಕಥೆಗಳು ಮಾತ್ರ ಬೇರೆ ಬೇರೆ. ವ್ಯಕ್ತಿಗಳ ವೈಯಕ್ತಿಕ ಕಾರಣಗಳನ್ನು ಹೊರಗಿನವರು ಊಹಿಸುವುದರಲ್ಲಿ ಇನ್ನೊಂದು ಅಪಾಯವೂ ಇದೆ: ಒಪ್ಪಂದದ ಗೌಪ್ಯತೆಗೆ ಕಟ್ಟುಬಿದ್ದ ನೌಕರರು ತಮ್ಮ ಬಗ್ಗೆ ಹಬ್ಬಿದ ಮಾತನ್ನು ಬಹಿರಂಗವಾಗಿ ತಿದ್ದಲಾರರು.

ನಂತರದ ಬೆಳವಣಿಗೆಗಳು

2021ರ ಏಪ್ರಿಲ್‌ನಲ್ಲಿ ಜಪಾನ್ ಸ್ಟುಡಿಯೋವನ್ನು ಪುನರ್ರಚಿಸಿ ಟೀಮ್ ಅಸೋಬಿ ಎಂಬ ವಿಭಾಗವನ್ನು ಕೇಂದ್ರವಾಗಿ ಉಳಿಸಿಕೊಳ್ಳಲಾಯಿತು. ಜೆನ್‌ಡಿಸೈನ್ 2020ರಲ್ಲಿ ತನ್ನ ಮುಂದಿನ ಆಟಕ್ಕಾಗಿ ಎಪಿಕ್ ಗೇಮ್ಸ್ ಸಂಸ್ಥೆಯೊಂದಿಗೆ ಒಪ್ಪಂದ ಮಾಡಿಕೊಂಡಿತು. ಉಯೆಡಾ ಅವರ ನಿರ್ದೇಶನದ ಆ ಆಟದ ಮೊದಲ ದೃಶ್ಯಗಳು 2024ರ ಡಿಸೆಂಬರ್‌ನಲ್ಲಿ ದಿ ಗೇಮ್ ಅವಾರ್ಡ್ಸ್ ಸಮಾರಂಭದಲ್ಲಿ ಪ್ರದರ್ಶನಗೊಂಡವು.