ಅಹಮದ್ ಖಾನರ ಒಂದು ಗೋಲು

ಫುಟ್‌ಬಾಲ್ ನಮ್ಮ ತಡಸದ ಆಟವಲ್ಲ. ಇಲ್ಲಿ ಗಂಡುಹುಡುಗರಿಗೆ ಕಬಡ್ಡಿ, ಹೆಣ್ಣುಮಕ್ಕಳಿಗೆ ಖೋಖೋ. ಮುಂಡಗೋಡದ ಬಸ್ಸು ಹಿಡಿದು ಹೋದರೆ ಟಿಬೆಟಿಯನ್ ಕ್ಯಾಂಪಿನ ಹುಡುಗರು ಚೆಂಡು ಒದೆಯುವುದು ಕಾಣುತ್ತದೆ, ಅಷ್ಟೇ. ಆದರೂ ಇತಿಹಾಸ ಕಲಿಸುವ ನನಗೆ ಈ ಆಟದ ಹಳೆಯ ಲೆಕ್ಕ ಓದುವ ಚಟವೊಂದು ಅಂಟಿಕೊಂಡಿದೆ. ಓದಿದಷ್ಟೂ ಆ ಲೆಕ್ಕದ ಮೇಲೆ ಅನುಮಾನ ಹೆಚ್ಚುತ್ತದೆ.

1948ರ ಜುಲೈ 31. ಲಂಡನ್ ಒಲಿಂಪಿಕ್ಸ್. ಸ್ವಾತಂತ್ರ್ಯ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಇಲ್‌ಫರ್ಡ್ ಎಂಬಲ್ಲಿ ಫ್ರಾನ್ಸ್ ವಿರುದ್ಧ ನಮ್ಮವರು ಆಡಿದರು, ಬಹಳ ಮಂದಿ ಬರಿಗಾಲಿನಲ್ಲಿ. 2–1ರಿಂದ ಸೋತೆವು. ನಮ್ಮ ಆ ಒಂದು ಗೋಲು ಬೆಂಗಳೂರಿನ ಸಾರಂಗಪಾಣಿ ರಾಮನ್ ಅವರದು. ಸಿಕ್ಕ ಎರಡು ಪೆನಾಲ್ಟಿ ಕೈತಪ್ಪಿದವು, ಅದರಲ್ಲಿ ಒಂದು ಶೈಲೇನ್ ಮನ್ನಾ ಅವರದು. ಬರೀ ಅಂಕಿ ನೋಡುವವರಿಗೆ ರಾಮನ್ ಗೆದ್ದವರು, ಮನ್ನಾ ಕೆಡಿಸಿದವರು. ಆದರೆ ಮೂರು ವರ್ಷದ ಮೇಲೆ, 1951ರಲ್ಲಿ ದೆಹಲಿಯ ಮೊದಲ ಏಷ್ಯನ್ ಕ್ರೀಡಾಕೂಟಕ್ಕೆ ತಂಡದ ನಾಯಕತ್ವ ಕೊಟ್ಟದ್ದು ಇದೇ ಮನ್ನಾ ಅವರಿಗೆ. ಫೈನಲ್‌ನಲ್ಲಿ ಇರಾನನ್ನು 1–0ರಿಂದ ಸೋಲಿಸಿ ಚಿನ್ನ ತಂದರು. ಗೋಲು ಮೇವಾಲಾಲ್ ಅವರದು. ಮನ್ನಾ ಹಿಂದೆ ನಿಂತು ಕಾಯುವ ಆಟಗಾರ. ಎದುರಾಳಿ ಹೊಡೆಯಲಾಗದೆ ಹೋದ ಗೋಲುಗಳಿಗೆ ಪುಸ್ತಕದಲ್ಲಿ ಕಾಲಮ್ ಎಲ್ಲಿದೆ?

ಆ ಎರಡೂ ತಂಡಗಳಲ್ಲಿ ಬೆಂಗಳೂರಿನ ಇನ್ನೊಬ್ಬರಿದ್ದರು, ಅಹಮದ್ ಖಾನ್. ಇನ್‌ಸೈಡ್ ಲೆಫ್ಟ್, ಅಂದರೆ ಮುಂದಿನ ಸಾಲಿನಲ್ಲಿ ನಡುವಿಗೂ ಅಂಚಿಗೂ ಮಧ್ಯದ ಜಾಗ. ಚೆಂಡು ಅವರ ಕಾಲಿಗೆ ಅಂಟಿದಂತೆ ಆಡುತ್ತಿತ್ತಂತೆ, ಅದಕ್ಕೇ ಹಾವಾಡಿಗ ಎಂಬ ಅಡ್ಡಹೆಸರು. ಕಲ್ಕತ್ತೆಯ ಈಸ್ಟ್ ಬೆಂಗಾಲ್ ಕ್ಲಬ್ಬಿನಲ್ಲಿ ವೆಂಕಟೇಶ್, ಅಪ್ಪಾರಾವ್, ಧನರಾಜ್, ಸಾಲೆ ಮತ್ತು ಇವರು ಸೇರಿ ಪಂಚಪಾಂಡವರು ಎನಿಸಿಕೊಂಡರು. 1949ರಿಂದ 1951ರವರೆಗೆ ಸತತ ಮೂರು ವರ್ಷ ಐ.ಎಫ್.ಎ. ಶೀಲ್ಡ್ ಆ ಕ್ಲಬ್ಬಿನದೇ. ಐವರಲ್ಲಿ ಯಾರು ಭೀಮ, ಯಾರು ಅರ್ಜುನ ಎಂದು ಕೇಳಿದರೆ ನಾನು ಹೇಳಲಾರೆ. ಆ ಹೆಸರಿಟ್ಟವರಿಗೂ ಬಿಡಿಸಿ ಹೇಳುವ ಮನಸ್ಸಿರಲಿಲ್ಲವೇನೋ.

ಈಗ ತಮಾಷೆ ನೋಡಿ. ಒಲಿಂಪಿಕ್ಸ್ ದಾಖಲೆಯಲ್ಲಿ ಅಹಮದ್ ಖಾನ್ ಹೆಸರಿನ ಮುಂದೆ ಇರುವುದು ಒಂದೇ ಗೋಲು. ಅದು ಬಂದದ್ದು 1952ರ ಹೆಲ್ಸಿಂಕಿಯಲ್ಲಿ, ಯುಗೋಸ್ಲಾವಿಯದ ಎದುರು ನಾವು 10–1ರಿಂದ ಸೋತ ದಿನ. ಒಳ್ಳೆಯ ದಿನಗಳಲ್ಲಿ ಅವರು ಮಾಡಿದ್ದಕ್ಕೆ ಅಲ್ಲಿ ಅಂಕಿ ಇಲ್ಲ, ಕೆಟ್ಟ ದಿನದ್ದಕ್ಕೆ ಇದೆ.

ನಮ್ಮ ಶಾಲೆಯ ಖೋಖೋದಲ್ಲೂ ಒಮ್ಮೆ ಇದೇ ಜಗಳ ನಡೆಯಿತು. ತಾಲೂಕಿನ ಆಟಕ್ಕೆ ಹುಡುಗಿಯರನ್ನು ಆರಿಸುವಾಗ, ಹೆಚ್ಚು ಔಟ್ ಮಾಡಿದವರ ಪಟ್ಟಿ ಹಿಡಿದು ಹಿರಿಯರೊಬ್ಬರು ಒಂದು ಹೆಸರು ಹೊಡೆದುಹಾಕಿದರು. ಆ ಹುಡುಗಿ ಔಟ್ ಮಾಡಿದ್ದು ಎರಡೋ ಮೂರೋ. ಆದರೆ ಓಡುವವಳನ್ನು ಕಂಬದ ಕಡೆ ಒತ್ತಿಕೊಂಡು ಹೋಗಿ, ಸರಿಯಾದ ಗಳಿಗೆಗೆ ಸರಿಯಾದ ಬೆನ್ನಿಗೆ ಖೋ ಕೊಡುತ್ತಿದ್ದವಳು ಅವಳೇ. ಮುಟ್ಟಿದವಳಿಗೆ ಹೆಸರು ಬರುತ್ತಿತ್ತು. ಅವಳಪ್ಪ ಮೊದಲೇ, “ಆರಿಸಲಿಲ್ಲಂದ್ರ ಇನ್ನ ಆಟಾ ಸಾಕು, ಹೊಲಕ್ಕ ಬರಲಿ” ಎಂದಿದ್ದರು. ನಾನು ಪಟ್ಟು ಬಿಡಲಿಲ್ಲ. “ಇಕಿನ್ನ ಬಿಟ್ಟು ಒಂದು ಆಟ ಆಡಿಸಿ ನೋಡ್ರೀ ಸರ್” ಎಂದೆ. ಆಡಿಸಿದರು. ಅರ್ಧ ಆಟಕ್ಕೇ ಮುಟ್ಟುವ ಹುಡುಗಿಯರು ಸುಮ್ಮನೆ ಓಡಿ ದಣಿದರು. ಅಂತೂ ಹೆಸರು ಸೇರಿತು, ಅವಳು ಹತ್ತನೆಯ ಇಯತ್ತೆಯವರೆಗೂ ಆಡಿದಳು.

ಮನೆಯಲ್ಲಿ ಯಾರಿಗೆ ಎಷ್ಟು ರೊಟ್ಟಿ ಬೇಕೆಂದು ಕಣ್ಣಳತೆಯಲ್ಲೇ ಹಿಟ್ಟು ನಾದುವವರಿಗೆ ಈ ಮಾತು ನಾನು ಬಿಡಿಸಿ ಹೇಳಬೇಕಿಲ್ಲ.

ಈಗ ಗೋಲಿಗೆ ಚೆಂಡು ಒದಗಿಸಿದವರ ಹೆಸರನ್ನೂ ಬರೆಯುತ್ತಾರೆ, ಯಾರು ಎಷ್ಟು ಕಿಲೋಮೀಟರ್ ಓಡಿದರೆಂದು ಕಂಪ್ಯೂಟರ್ ಎಣಿಸುತ್ತದೆ. ಒಳ್ಳೆಯದೇ. ಆದರೆ ಇಬ್ಬರು ಎದುರಾಳಿಗಳನ್ನು ತನ್ನ ಕಡೆ ಸೆಳೆದುಕೊಂಡು ಗೆಳೆಯನಿಗೆ ಬಯಲು ಬಿಟ್ಟುಕೊಡುವವನನ್ನು ಮೈದಾನದ ಅಂಚಿನಲ್ಲಿ ಕುಳಿತವರೇ ನೋಡಿ ಹೇಳಬೇಕು. ಅಹಮದ್ ಖಾನರನ್ನು ಹಾಗೆ ನೋಡಿದ ಕಲ್ಕತ್ತೆಯವರು ಬಹಳ ಮಂದಿ ಇದ್ದರು. ಅವರು ತೀರಿಕೊಂಡದ್ದು 2017ರ ಆಗಸ್ಟ್‌ನಲ್ಲಿ, ಬೆಂಗಳೂರಿನಲ್ಲಿ, ತೊಂಬತ್ತರ ವಯಸ್ಸಿನಲ್ಲಿ.