ಫುಜರಾ: ಸ್ಲೊವಾಕಿಯಾದ ಕುರುಬರ ಕೊಳಲು

ಮಧ್ಯ ಸ್ಲೊವಾಕಿಯಾದ ಕುರುಬರು ಎಲ್ಡರ್ ಮರವನ್ನು ಕೊರೆದು ಮಾಡುವ ಫುಜರಾ ಎಂಬ ಕೊಳಲು ಆಳೆತ್ತರವನ್ನೂ ಮೀರುವುದುಂಟು, ರಂಧ್ರಗಳಾದರೋ ಮೂರೇ. ಇಷ್ಟರಿಂದ ಹಾಡು ಹೊರಡುವುದೆಂತು? ಊದುವ ಬಲ ಹೆಚ್ಚಿದಂತೆಲ್ಲ ಅದೇ ನಾಳದಲ್ಲಿ ಮೇಲುಮೇಲಣ ಸ್ವರಗಳು ಏಳುತ್ತವೆ; ಬೆರಳುಗಳು ನಡುವಣ ತೆರವನ್ನು ತುಂಬುತ್ತವೆ, ಅಷ್ಟೆ. ನಮ್ಮ ಬಿದಿರ ಕೊಳಲಿನಲ್ಲಿ ತುಟಿ ಮಾಡುವ ಕೆಲಸವನ್ನು ಇಲ್ಲಿ ಕೆತ್ತಿದ ಸೀಳು ಮಾಡುವುದರಿಂದ, ಕಲಿಯುವವನ ಸಾಧನೆಯೆಲ್ಲ ಉಸಿರಿನದೇ. ತಾರಸ್ವರದಿಂದ ಸರಸರನೆ ಕೆಳಕ್ಕಿಳಿಯುವ ‘ರೊಜ್‌ಫುಕ್’ ಎಂಬ ಆರಂಭದಲ್ಲಿಯೇ ಅವನ ಪರೀಕ್ಷೆ. 19–20ನೆಯ ಶತಮಾನಗಳಲ್ಲಿ ಈ ವಾದ್ಯ ಹುಲ್ಲುಗಾವಲನ್ನು ದಾಟಿ ಉತ್ಸವಗಳ ವೇದಿಕೆಯನ್ನೇರಿತು. 2005ರಲ್ಲಿ ಮನ್ನಣೆಯಿತ್ತ ಯುನೆಸ್ಕೊ, ವಾದ್ಯದೊಡನೆ ಅದರ ಸಂಗೀತವನ್ನೂ ಹೆಸರಿಸಿದ್ದು ಉಚಿತವೇ. ಕಲಿಯುವವರಿಲ್ಲದಿದ್ದರೆ ವಸ್ತುಸಂಗ್ರಹಾಲಯಕ್ಕೆ ದಕ್ಕುವುದು ಟೊಳ್ಳುಮರವಷ್ಟೆ. 2008ರಲ್ಲಿ ಫುಜರಾ ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿತು.